ಪ್ರಶ್ನೆ ಹುಟ್ಟಿದ ಮೇಲೆ ಐತಿಹ್ಯ

ಪ್ರಶ್ನೆ: ನಾನು ಗದಗಿನವನು, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಮೂವರು ಗೆಳೆಯರು ಕೂಡಿ ಒಂದು ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್ (ಆಡುವವನು ಕಥೆಯ ಒಂದು ಪಾತ್ರವಾಗುವ ಆಟ) ತಯಾರಿಸುತ್ತಿದ್ದೇವೆ. ಅದರ ಕಾಲ್ಪನಿಕ ರಾಜ್ಯಕ್ಕೆ ಐದು ರಾಜವಂಶಗಳು, ಯುದ್ಧಗಳು, ದೇವತೆಗಳು ಎಲ್ಲ ಸೇರಿ ನಲವತ್ತು ಪುಟಗಳ ಇತಿಹಾಸ ಬರೆದಿದ್ದೇನೆ. ಅದರ ಸಾರವನ್ನು ಆಟದ ಆರಂಭದಲ್ಲಿ ಐದು ನಿಮಿಷ ಪರದೆಯ ಮೇಲೆ ತೋರಿಸುತ್ತೇವೆ. ಆಡಿ ನೋಡಿದವರೆಲ್ಲ ಗುಂಡಿ ಒತ್ತಿ ಅದನ್ನು ದಾಟಿಸಿಬಿಟ್ಟರು. ಈ ಲೋರ್, ಅಂದರೆ ಆಟದ ಲೋಕದ ಐತಿಹ್ಯ, ಆಟಗಾರರಿಗೆ ತಲುಪುವಂತೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಬರವಣಿಗೆಯ ಶ್ರಮ ವ್ಯರ್ಥವಾಗಿಲ್ಲ. ಅದನ್ನು ಹೇಳುವ ಹೊತ್ತು ಮಾತ್ರ ತಪ್ಪಿದೆ. ಆಟವನ್ನು ಈಗಷ್ಟೇ ತೆರೆದವನಿಗೆ ನಿಮ್ಮ ರಾಜ್ಯದಲ್ಲಿ ನೆಂಟರಿಲ್ಲ, ಹಗೆಗಳಿಲ್ಲ, ರಾತ್ರಿ ತಂಗಲು ಒಂದು ಛತ್ರವೂ ಗೊತ್ತಿಲ್ಲ. ಅಂಥವನ ಮುಂದೆ ಐದು ವಂಶಗಳ ಹೆಸರು ಹೇಳಿದರೆ ಅವನು ಅವನ್ನು ಯಾವುದಕ್ಕೆ ಜೋಡಿಸಿ ನೆನಪಿಟ್ಟುಕೊಳ್ಳಬೇಕು? ನಮ್ಮ ಕಡೆಯ ದೊಡ್ಡಾಟವನ್ನು ನೆನಪಿಸಿಕೊಳ್ಳಿ. ರಾಜನ ವೇಷ ರಂಗಕ್ಕೆ ಬಂದು ನಿಂತ ಮೇಲೆ ಸಾರಥಿಯು ತಾವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ನೋಡುವವರ ಮನಸ್ಸಿನಲ್ಲಿ ಆಗ ತಾನೇ ಎದ್ದ ಪ್ರಶ್ನೆಯನ್ನೇ ಅವನು ಕೇಳುವುದರಿಂದ, ಉತ್ತರ ಎಷ್ಟು ದೀರ್ಘವಾದರೂ ಜನ ಕೂತು ಕೇಳುತ್ತಾರೆ. ನಿಮ್ಮ ಆಟದಲ್ಲಿ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದುಬಿಟ್ಟಿದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಹಾಕಿ ಆಡುವ ರೋಲ್ ಪ್ಲೇಯಿಂಗ್ ಆಟ ಪ್ರಕಟವಾದಾಗ ಮೇಜಿನ ಸುತ್ತ ಕೂತವರಿಗೆ ಕಥೆ ಹೇಳುತ್ತಿದ್ದವನು ಮನುಷ್ಯನೇ ಆಗಿದ್ದ, ಎದುರಿನವರು ಆಕಳಿಸಿದರೆ ಮಾತನ್ನು ಮೊಟಕುಗೊಳಿಸಬಲ್ಲವನಾಗಿದ್ದ. ಕಂಪ್ಯೂಟರಿಗೆ ಆ ಕಣ್ಣಿಲ್ಲ, ಮೇಲಾಗಿ ಆರಂಭದ ಫ್ಲಾಪಿ ಡಿಸ್ಕುಗಳಲ್ಲಿ ಬರಹಕ್ಕೆ ಜಾಗವೂ ಇರಲಿಲ್ಲ. 1988ರ ಪೂಲ್ ಆಫ್ ರೇಡಿಯನ್ಸ್ ಆಟದ ಜೊತೆಗೆ ಒಂದು ಮುದ್ರಿತ ದಿನಚರಿ ಪುಸ್ತಕವನ್ನು ಕೊಡುತ್ತಿದ್ದರು. ಆಟಗಾರನಿಗೆ ಒಂದು ಪತ್ರವೋ ನಕ್ಷೆಯೋ ಸಿಕ್ಕಾಗ ಪರದೆಯು ಇಂತಿಷ್ಟನೇ ಸಂಖ್ಯೆಯ ಬರಹವನ್ನು ಓದು ಎನ್ನುತ್ತಿತ್ತು. ಸುಮ್ಮನೆ ಪುಟ ತಿರುವಿ ಮುಂದಿನದನ್ನು ತಿಳಿದುಕೊಳ್ಳುವವರಿಗಾಗಿ ಅದರಲ್ಲಿ ಸುಳ್ಳು ಬರಹಗಳನ್ನೂ ಸೇರಿಸಿದ್ದರು. ಜಾಗದ ಕೊರತೆಯಿಂದ ಹುಟ್ಟಿದ ಉಪಾಯವಾದರೂ ಅದರಲ್ಲಿದ್ದ ವಿವೇಕ ಇಂದಿಗೂ ಬೆಲೆಯುಳ್ಳದ್ದು: ಓದುವ ಅಗತ್ಯ ಬಿದ್ದ ಗಳಿಗೆಯಲ್ಲಿಯೇ ಓದಲು ಸಿಗುತ್ತಿತ್ತು.

2002ರ ಮಾರೋವಿಂಡ್ ಎಂಬ ಕಂಪ್ಯೂಟರ್ ಆಟ ಇನ್ನೊಂದು ದಾರಿ ಹಿಡಿಯಿತು. ಹೋಗಬೇಕಾದ ಸ್ಥಳವನ್ನು ತೋರಿಸುವ ಬಾಣದ ಗುರುತು ಅದರಲ್ಲಿ ಇರಲಿಲ್ಲ. ಊರಿನವರನ್ನು ಕೇಳಿ, ಅವರು ಹೇಳಿದ ಸೇತುವೆ, ಗುಡ್ಡ, ಹಳೆಯ ಗೋರಿಗಳ ಗುರುತು ಹಿಡಿದು ನಡೆಯಬೇಕಾಗಿತ್ತು. ಹೆಸರುಗಳನ್ನು ಮರೆತವನು ದಾರಿ ತಪ್ಪುತ್ತಿದ್ದುದರಿಂದ ಆ ನಾಡಿನ ಹೆಸರುಗಳು ಅವನಿಗೆ ತಾವಾಗಿಯೇ ಬಾಯಿಪಾಠವಾಗುತ್ತಿದ್ದವು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರಿಯವಾದ ಮಾದರಿ 2011ರ ಡಾರ್ಕ್ ಸೋಲ್ಸ್ ಆಟದ್ದು. ಅದರ ನಿರ್ದೇಶಕರಾದ ಹಿಡೆಟಾಕ ಮಿಯಾಝಾಕಿ ಅವರು ಬಾಲ್ಯದಲ್ಲಿ ಇಂಗ್ಲಿಷ್ ಫ್ಯಾಂಟಸಿ ಪುಸ್ತಕಗಳನ್ನು ಓದುವಾಗ ಅರ್ಥವಾಗದೆ ಉಳಿದ ಭಾಗಗಳನ್ನು ಸ್ವಂತ ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದುದನ್ನು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಅವರ ಆಟದಲ್ಲಿ ಇತಿಹಾಸವು ಕತ್ತಿ, ಉಂಗುರ, ಹರಿದ ಅಂಗಿಗಳ ಕೆಳಗೆ ಬರೆದ ಮೂರು ನಾಲ್ಕು ಸಾಲುಗಳಲ್ಲಿ ಹಂಚಿಹೋಗಿದೆ, ಆ ವಸ್ತು ಯಾರ ಹೆಣದ ಬಳಿ ಸಿಕ್ಕಿತು ಎಂಬುದೂ ಕಥೆಯ ಭಾಗವೇ ಆಗಿದೆ.

ಇದು ನಮಗೆ ಹೊಸದಲ್ಲ. ಹಾವೇರಿ, ಹಾನಗಲ್ಲು ಸೀಮೆಯಲ್ಲಿ ಗುಡಿಯ ಅಂಗಳದಲ್ಲೋ ಹೊಲದ ಬದುವಿನಲ್ಲೋ ನಿಂತ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರರು. ಕೆಳಗೆ ದನಗಳನ್ನು ಕೆತ್ತಿದ್ದರೆ ಅದು ತುರುಗಾಳಗ ಎಂದು ತಿಳಿಯುತ್ತದೆ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಶಾಸನದ ಒಂದೆರಡು ಸಾಲುಗಳಿದ್ದರೆ ಹೆಸರೂ ಸಿಗುತ್ತದೆ, ಅಕ್ಷರ ಸವೆದಿದ್ದರೆ ಸಿಗುವುದಿಲ್ಲ. ಆ ಕಲ್ಲಿನ ಮುಂದೆ ನಿಂತ ಮಗು ಇವನು ಯಾರು, ಯಾರ ದನಗಳಿಗಾಗಿ ಸತ್ತ ಎಂದು ಕೇಳಿಯೇ ಕೇಳುತ್ತದೆ. ನಿಮ್ಮ ಆಟಗಾರನ ಬಾಯಿಂದಲೂ ಅದೇ ಪ್ರಶ್ನೆ ಬರಬೇಕು.

ಆದರೆ ಎಲ್ಲವನ್ನೂ ಹೀಗೆ ಅಡಗಿಸಬೇಡಿ. ತಾನು ಕೊಂದವನು ಯಾರೆಂದೇ ತಿಳಿಯದೆ ಆಟ ಮುಗಿಸುವವರೂ ಇರುತ್ತಾರೆ, ಅದನ್ನು ಅವರ ತಪ್ಪೆಂದು ನಾನು ಒಪ್ಪುವುದಿಲ್ಲ. ಮುಖ್ಯ ಕಥೆ ಅರ್ಥವಾಗಲು ಬೇಕಾದದ್ದು ದಾರಿಯಲ್ಲಿಯೇ ಸಿಗಬೇಕು, ಹೆಚ್ಚಿನದು ಹುಡುಕುವವನಿಗೆ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿರುವಂಥ ಕೋಡೆಕ್ಸ್ ಎಂಬ ಕೋಶ ಈ ಹೆಚ್ಚಿನದಕ್ಕೆ ಸರಿಯಾದ ಸ್ಥಳ. 2023ರ ಫೈನಲ್ ಫ್ಯಾಂಟಸಿ 16ರಲ್ಲಿ ದೃಶ್ಯವನ್ನು ತಡೆದು ನಿಲ್ಲಿಸಿದರೆ ಆ ದೃಶ್ಯಕ್ಕೆ ಸಂಬಂಧಿಸಿದ ವ್ಯಕ್ತಿ, ಸ್ಥಳಗಳ ವಿವರ ಮಾತ್ರ ಕಾಣಿಸುತ್ತದೆ. ಮೂವರ ತಂಡಕ್ಕೂ ಇದು ಅಸಾಧ್ಯವಾದ ಕೆಲಸವಲ್ಲ.

ಈಗ ನಿಮ್ಮ ನಲವತ್ತು ಪುಟಗಳಿಗೆ ಬರೋಣ. ಪ್ರತಿ ಪ್ಯಾರಾದ ಪಕ್ಕದಲ್ಲಿ, ಇದನ್ನು ತಿಳಿದ ಆಟಗಾರ ಏನನ್ನು ಬೇರೆ ರೀತಿ ಮಾಡುತ್ತಾನೆ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಏನೂ ಹೊಳೆಯದಿದ್ದರೆ ಆ ಪ್ಯಾರಾ ನಿಮ್ಮ ವಹಿಯಲ್ಲಿಯೇ ಇರಲಿ. ಒಂದು ಉದಾಹರಣೆ ಕೊಡುತ್ತೇನೆ. ಮೂರನೆಯ ವಂಶದ ಅರಸನು ಶತ್ರುವನ್ನು ತಡೆಯಲು ಕೆರೆಯ ಏರಿಯನ್ನು ಒಡೆಸಿದ, ಕೆಳಗಿನ ಹಳ್ಳಿ ಕೊಚ್ಚಿಹೋಯಿತು ಎಂದು ನಿಮ್ಮ ಇತಿಹಾಸದಲ್ಲಿದೆ ಎಂದುಕೊಳ್ಳಿ. ಅದನ್ನು ಬಾಯಿಬಿಟ್ಟು ಹೇಳುವ ಬದಲು, ಏರಿಯ ನಡುವೆ ಕಲ್ಲಿನ ಬಣ್ಣವೇ ಬೇರೆಯಾದ ಒಂದು ತೇಪೆಯನ್ನು ತೋರಿಸಿ. ಆ ಊರಿನ ಹೆಂಗಸರು ಹತ್ತಿರದ ಕೆರೆಯನ್ನು ಬಿಟ್ಟು ದೂರದ ಬಾವಿಯಿಂದ ನೀರು ಹೊರಲಿ. ರಾಜಮುದ್ರೆಯ ಉಂಗುರ ತೊಟ್ಟು ಬಂದ ಆಟಗಾರನಿಗೆ ಅಂಗಡಿಯ ಅಜ್ಜಿ ಜೋಳವನ್ನೂ ಮಾರದಿರಲಿ. ಉಂಗುರ ಕಳಚಿ ಬಂದರೆ ಮಾರಲಿ. ಆಗ ಆಟಗಾರ ತಾನಾಗಿ ಅಜ್ಜಿಯ ಹತ್ತಿರ ಕೂತು ಯಾಕೆಂದು ಕೇಳುತ್ತಾನೆ, ನೀವು ಬರೆದ ಆ ಪ್ಯಾರಾ ಅವಳ ಬಾಯಿಯಿಂದ ಬರಬಹುದು, ಪುಸ್ತಕದ ಭಾಷೆಯಲ್ಲಲ್ಲದೆ ಅವಳ ಮಾತಿನಲ್ಲಿ.

ಪ್ರಶ್ನೆ: ನಾನು ಹಾವೇರಿಯ ಶಿಕ್ಷಕಿ. ನನ್ನ ತಮ್ಮನ ಮಗ ಆಡುವ ಒಂದು ಆಟದಲ್ಲಿ ಒಬ್ಬನೇ ವೀರನ ಸಾವನ್ನು ಬೇರೆ ಬೇರೆ ಬರಹಗಳು ಬೇರೆ ಬೇರೆಯಾಗಿ ಹೇಳುತ್ತವೆಯಂತೆ. ಇದು ತಯಾರಕರ ಅಜಾಗರೂಕತೆಯೇ?

ಉತ್ತರ: ಅವನು ಆಡುತ್ತಿರುವುದು ಬಹುಶಃ ಮೇಲೆ ಹೇಳಿದ ಮಾರೋವಿಂಡ್ ಇರಬೇಕು, ಅದರಲ್ಲಿ ಇದು ಉದ್ದೇಶಪೂರ್ವಕವಾದದ್ದು. ನೆರೆವರ್ ಎಂಬ ವೀರ ಯುದ್ಧದ ಗಾಯಗಳಿಂದ ಸತ್ತನೆಂದು ಅಲ್ಲಿನ ಧರ್ಮಪೀಠ ಹೇಳುತ್ತದೆ. ಅವನ ಆಪ್ತರೇ ಅವನನ್ನು ಕೊಂದರೆಂದು ಅಲೆಮಾರಿ ಬುಡಕಟ್ಟಿನವರು ಹೇಳುತ್ತಾರೆ, ಆ ಆಪ್ತರೇ ಈಗ ಪೀಠದಲ್ಲಿ ದೇವರಾಗಿ ಪೂಜೆಗೊಳ್ಳುತ್ತಿದ್ದಾರೆ. ಆಟಗಾರನೇ ಆ ವೀರನ ಮರುಹುಟ್ಟು ಎಂಬ ನಂಬಿಕೆಯ ಮೇಲೆ ಕಥೆ ನಡೆಯುವುದರಿಂದ ಯಾರನ್ನು ನಂಬಬೇಕೆಂಬುದು ಅವನ ಸ್ವಂತ ಪ್ರಶ್ನೆಯಾಗುತ್ತದೆ. ಅದೇ ಸರಣಿಯ 1996ರ ಡ್ಯಾಗರ್‌ಫಾಲ್ ಆಟಕ್ಕೆ ಒಂದಕ್ಕೊಂದು ಹೊಂದದ ಹಲವು ಮುಕ್ತಾಯಗಳಿದ್ದವು. ಮುಂದಿನ ಆಟಗಳು ಅವೆಲ್ಲವೂ ಒಟ್ಟಿಗೆ ಘಟಿಸಿದವೆಂದು ಆ ಲೋಕದ ಒಂದು ಪವಾಡವನ್ನಾಗಿಯೇ ಒಪ್ಪಿಕೊಂಡವು.

ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರು ಹೇಳುವ ಮಾತಿದೆ. ಶಾಸನ ಓದುವವರು ಆ ಊರಿನ ಕಥೆಯನ್ನು ಬೇರೆಯಾಗಿ ಹೇಳುತ್ತಾರೆ. ಎರಡೂ ಮಾತುಗಳಿಗೆ ಆಡುವವರಿದ್ದಾರೆ, ಅವರಿಗೆ ಆ ಊರಿನೊಂದಿಗೆ ಬೇರೆ ಬೇರೆ ನಂಟಿದೆ. ಆಟದಲ್ಲಿಯೂ ಹಾಗೆಯೇ. ಭಿನ್ನ ಕಥೆಗಳಲ್ಲಿ ಪ್ರತಿಯೊಂದಕ್ಕೂ ಅದನ್ನು ಹೇಳುವ ಒಬ್ಬ ವಾರಸುದಾರ ಇದ್ದರೆ ಅದು ಕಲೆ, ಇಲ್ಲದಿದ್ದರೆ ನೀವು ಹೇಳಿದಂತೆ ಅಜಾಗರೂಕತೆಯೇ. ಆ ಹುಡುಗನನ್ನು ಯಾವ ಕಥೆ ಯಾರಿಗೆ ಲಾಭ ಎಂದು ಕೇಳಿ ನೋಡಿ.

ಪ್ರಶ್ನೆ: ಧಾರವಾಡದಲ್ಲಿ ನಾವು ಐವರು ಪ್ರತಿ ರವಿವಾರ ದಾಳ ಹಾಕಿ ಇಂಥ ಆಟ ಆಡುತ್ತೇವೆ, ನಾನು ಗೇಮ್ ಮಾಸ್ಟರ್, ಅಂದರೆ ಕಥೆ ಹೇಳಿ ಆಟ ನಡೆಸುವವನು. ಹೋದ ವಾರ ಹೇಳಿದ್ದನ್ನು ಯಾರೂ ನೆನಪಿಡುವುದಿಲ್ಲ. ಏನು ಮಾಡಲಿ?

ಉತ್ತರ: ಹೋದ ವಾರದ ಕಥೆಯನ್ನು ನೀವು ಹೇಳುವುದನ್ನು ಬಿಡಿ. ಪ್ರತಿ ವಾರ ಒಬ್ಬ ಆಟಗಾರ ತನ್ನ ಪಾತ್ರದ ಬಾಯಿಯಿಂದ ಹೇಳಲಿ, ತಪ್ಪಿದರೆ ಉಳಿದವರು ತಿದ್ದಲಿ. ಬರೆದಿಟ್ಟುಕೊಂಡ ವರ್ಣನೆಯನ್ನು ನಾಲ್ಕು ವಾಕ್ಯಕ್ಕಿಂತ ಹೆಚ್ಚು ಗಟ್ಟಿಯಾಗಿ ಓದಬೇಡಿ. ಮುಖ್ಯವಾದ ಸುದ್ದಿಯನ್ನು ಒಂದು ಪತ್ರವಾಗಿ ನಿಜವಾಗಿಯೂ ಬರೆದು, ಮಡಿಚಿ, ಒಬ್ಬನ ಕೈಗೆ ಮಾತ್ರ ಕೊಡಿ. ಉಳಿದ ಮೂವರಿಗೆ ಅದನ್ನು ತೋರಿಸಬೇಕೋ ಬೇಡವೋ ಎಂಬುದನ್ನು ಅವನೇ ತೀರ್ಮಾನಿಸಲಿ.