ಬಣ್ಣದ ಕೆಳಗಿನ ಉಕ್ಕು: ಹಳೆಯ ರೇಸಿಂಗ್ ಸೈಕಲ್ಲುಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಶಿವಮೊಗ್ಗದವನು, ಕೆಲಸದ ಮೇಲೆ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದೇನೆ. ಇಲ್ಲಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಬಾಗಿದ ಹ್ಯಾಂಡಲ್ಲಿನ ಸೈಕಲ್ಲೊಂದು 60 ಪೌಂಡಿಗೆ ಮಾರಾಟಕ್ಕಿದೆ. ಸೀಟಿನ ಕೆಳಗಿನ ಕೊಳವೆಯ ಮೇಲೆ ‘ರೆನಾಲ್ಡ್ಸ್ 531’ ಎಂಬ ಮಾಸಿದ ಚೀಟಿ ಇದೆ. ಚಕ್ರಗಳಿಗೆ ತುಕ್ಕು ಹಿಡಿದಿದೆ, ಗೇರು ಅಲುಗಾಡುವುದಿಲ್ಲ. ಕೊಳ್ಳಬಹುದೇ? ಏನನ್ನು ನೋಡಿ ನಿರ್ಧರಿಸಬೇಕು?

ಉತ್ತರ: ಚಕ್ರ, ಗೇರು, ಚೈನುಗಳನ್ನು ಸದ್ಯಕ್ಕೆ ಮರೆತು ಫ್ರೇಮನ್ನು ಮಾತ್ರ ನೋಡಿ. ಉಳಿದೆಲ್ಲವನ್ನೂ ಬದಲಿಸಬಹುದು, ಫ್ರೇಮು ಸೊಟ್ಟಗಾಗಿದ್ದರೆ ಅಥವಾ ಒಳಗಿನಿಂದ ತುಕ್ಕು ತಿಂದಿದ್ದರೆ 60 ಪೌಂಡೂ ದುಬಾರಿಯೇ.

ನೀವು ಕಂಡ ಚೀಟಿ ಸಾಮಾನ್ಯವಾದುದಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಮೊಳೆ ತಯಾರಿಸುತ್ತಿದ್ದ ಮನೆತನದ ಆಲ್ಫ್ರೆಡ್ ಮಿಲ್ವರ್ಡ್ ರೆನಾಲ್ಡ್ಸ್ ಅವರು 1897ರಲ್ಲಿ, ಹೊರಗಿನ ಅಳತೆ ಉದ್ದಕ್ಕೂ ಒಂದೇ ಆಗಿದ್ದು ಗೋಡೆ ಮಾತ್ರ ತುದಿಗಳಲ್ಲಿ ದಪ್ಪಗೆ, ನಡುವೆ ತೆಳ್ಳಗೆ ಇರುವ ಕೊಳವೆಗೆ ಪೇಟೆಂಟ್ ಪಡೆದರು. ಬೆಸುಗೆಯ ಬಿಸಿಗೆ ಉಕ್ಕು ದುರ್ಬಲವಾಗುವುದು ತುದಿಯಲ್ಲಿ, ಸವಾರಿಯ ಒತ್ತಡ ಹೆಚ್ಚಾಗಿ ಬೀಳುವುದೂ ಅಲ್ಲೇ; ಆದ್ದರಿಂದ ಅಲ್ಲಿ ಲೋಹವನ್ನು ಉಳಿಸಿಕೊಂಡು, ಕೆಲಸ ಕಡಿಮೆಯಿರುವ ನಡುಭಾಗದಲ್ಲಿ ತೂಕವನ್ನು ಕಳೆಯುವುದು ಅವರ ಉಪಾಯ. 1935ರಲ್ಲಿ ಅದೇ ಸಂಸ್ಥೆ ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆಸಿದ 531 ಎಂಬ ಉಕ್ಕನ್ನು ತಂದಿತು, ಮತ್ತು ಅದು ಹಲವು ದಶಕಗಳ ಕಾಲ ಬ್ರಿಟನ್ನಿನ ಒಳ್ಳೆಯ ಸೈಕಲ್ಲುಗಳ ಗುರುತಾಗಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕೆನಿಸುತ್ತದೆ. ದುಬಾರಿ ಉಕ್ಕು ಹೆಚ್ಚು ‘ಪುಟಿಯುತ್ತದೆ’ ಎಂದು ಅನೇಕರು ನಂಬಿದ್ದಾರೆ. ಬಾಗುವ ಗುಣದಲ್ಲಿ ಸಾಧಾರಣ ಉಕ್ಕಿಗೂ 531ಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ವ್ಯತ್ಯಾಸವಿರುವುದು ಬಲದಲ್ಲಿ. ಬಲ ಹೆಚ್ಚಿರುವುದರಿಂದ ಗೋಡೆಯನ್ನು ತೆಳುಮಾಡಲು ಸಾಧ್ಯವಾಗುತ್ತದೆ, ಗೋಡೆ ತೆಳುವಾದುದರಿಂದ ಫ್ರೇಮು ಹಗುರವಾಗಿ, ಸವಾರನ ಕಾಲಿಗೆ ಬೇಗ ಓಗೊಡುತ್ತದೆ.

ಆದರೆ ಚೀಟಿಯನ್ನೇ ನಂಬಬೇಡಿ. ಬಣ್ಣ ಬದಲಿಸಿದವರು ಹೊಸ ಚೀಟಿ ಅಂಟಿಸಿರಬಹುದು. ಚೀಟಿ ಅಸಲಿಯಾಗಿದ್ದರೂ 531 ಇರುವುದು ಮೂರು ಮುಖ್ಯ ಕೊಳವೆಗಳಲ್ಲಿ ಮಾತ್ರವೋ, ಫೋರ್ಕು ಮತ್ತು ಹಿಂಭಾಗದ ಕೊಳವೆಗಳಲ್ಲೂ ಉಂಟೋ ಎಂಬುದನ್ನು ಅದರ ಸಣ್ಣ ಅಕ್ಷರಗಳಲ್ಲಿ ಓದಬೇಕು. ಇದಕ್ಕಿಂತ ಒಳ್ಳೆಯ ಸಾಕ್ಷಿ ಸೀಟು ನಿಲ್ಲಿಸುವ ಕಂಬ. ಅದನ್ನು ಹೊರಗೆಳೆದರೆ ಬುಡದ ಹತ್ತಿರ ಅದರ ವ್ಯಾಸವನ್ನು ಕೆತ್ತಿರುತ್ತಾರೆ. ಬ್ರಿಟಿಷ್ ಮತ್ತು ಇಟಾಲಿಯನ್ ಫ್ರೇಮುಗಳಲ್ಲಿ ಸೀಟಿನ ಕೊಳವೆಯ ಹೊರವ್ಯಾಸ 28.6 ಮಿಲಿಮೀಟರ್. ಮೇಲ್ತುದಿಯ ಗೋಡೆ 0.6 ಮಿಲಿಮೀಟರ್ ಇದ್ದರೆ ಒಳಗೆ 27.4 ಉಳಿಯುತ್ತದೆ, ಅದರಲ್ಲಿ ಸಲೀಸಾಗಿ ಇಳಿಯುವುದು 27.2ರ ಕಂಬ. ಆ ಅಂಕಿ ಕಂಡರೆ ಹಗುರವಾದ ಕೊಳವೆ ಎಂದು ಬಹುಮಟ್ಟಿಗೆ ತಿಳಿಯಬಹುದು. 26ರ ಆಸುಪಾಸಿದ್ದರೆ ಗೋಡೆ ದಪ್ಪವೆಂದೇ ಅರ್ಥ. ಫ್ರೆಂಚ್ ಸೈಕಲ್ಲುಗಳಿಗೆ ಈ ಲೆಕ್ಕ ಹೊಂದದು, ಅವರ ಕೊಳವೆಯ ಹೊರವ್ಯಾಸವೇ 28.

ಕಂಬ ಅಲುಗದೇ ಇದ್ದರೆ ಯೋಚಿಸಿ. ಅಲ್ಯೂಮಿನಿಯಂ ಕಂಬವು ಉಕ್ಕಿನ ಕೊಳವೆಯೊಳಗೆ ವರ್ಷಗಟ್ಟಲೆ ತೇವದಲ್ಲಿ ಕುಳಿತರೆ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇಂಥದೊಂದನ್ನು ಬಿಡಿಸಲು ನಾನು ಎರಡು ವಾರ ದಿನವೂ ಎಣ್ಣೆ ಬಿಟ್ಟು ಕಾದಿದ್ದೇನೆ. ಅವಸರದಿಂದ ತಿರುಚಿದ್ದರೆ ಹಾಳಾಗುತ್ತಿದ್ದುದು ಫ್ರೇಮು. ಹ್ಯಾಂಡಲ್ಲಿನ ಕತ್ತೂ ಹೀಗೆಯೇ ಕಚ್ಚಿಕೊಳ್ಳುತ್ತದೆ. ಎರಡೂ ಸಲೀಸಾಗಿ ಅಲುಗಿದರೆ ಹಿಂದಿನ ಒಡೆಯರು ಸೈಕಲ್ಲನ್ನು ಅಕ್ಕರೆಯಿಂದ ನೋಡಿಕೊಂಡಿದ್ದರೆಂದು ತಿಳಿಯಿರಿ.

ಆಮೇಲೆ ಅಪಘಾತದ ಗುರುತು ಹುಡುಕಬೇಕು. ಮುಂದೆ ಹ್ಯಾಂಡಲ್ ಕೂರುವ ಗಿಡ್ಡ ಕೊಳವೆಯಿಂದ ನಾಲ್ಕೈದು ಸೆಂಟಿಮೀಟರ್ ಹಿಂದಕ್ಕೆ, ಮೇಲಿನ ಮತ್ತು ಕೆಳಗಿನ ಉದ್ದ ಕೊಳವೆಗಳ ತಳದಲ್ಲಿ ಬೆರಳಾಡಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಸಿಕ್ಕರೆ ಸೈಕಲ್ಲು ಎಲ್ಲಿಗೋ ಗುದ್ದಿದೆ, ಬಿಟ್ಟುಬಿಡಿ. ನಂತರ ಒಂದು ದಾರವನ್ನು ಹಿಂದಿನ ಚಕ್ರದ ಅಚ್ಚು ಕೂರುವ ಒಂದು ತುದಿಗೆ ಕಟ್ಟಿ, ಮುಂದಿನ ಗಿಡ್ಡ ಕೊಳವೆಯನ್ನು ಸುತ್ತಿಸಿ ಇನ್ನೊಂದು ತುದಿಗೆ ಬಿಗಿಯಾಗಿ ಎಳೆಯಿರಿ. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಬದಿಯಲ್ಲಿ ಸಮವಿದ್ದರೆ ಫ್ರೇಮು ನೇರವಾಗಿದೆ. ಸೈಕಲ್ಲನ್ನು ತಲೆಕೆಳಗು ಮಾಡಿ, ಎರಡೂ ಪೆಡಲುಗಳ ತೋಳು ಬಂದು ಸೇರುವ ನಡು ಅಚ್ಚಿನ ಗೂಡಿನ ಕೆಳಭಾಗವನ್ನೂ ನೋಡಿ. ಕೊಳವೆಯೊಳಗೆ ಹೊಕ್ಕ ನೀರೆಲ್ಲ ಇಳಿದು ನಿಲ್ಲುವುದು ಅಲ್ಲಿ, ತುಕ್ಕು ಮೊದಲು ತಿನ್ನುವುದೂ ಅದನ್ನೇ. ಮೇಲ್ಮೈಯ ಕಂದು ತುಕ್ಕಿಗೆ ಹೆದರಬೇಕಿಲ್ಲ; ಬಣ್ಣ ಗುಳ್ಳೆ ಎದ್ದಿರುವ ಕಡೆ ಮಾತ್ರ ಅನುಮಾನಿಸಿ.

ಇಷ್ಟೆಲ್ಲ ಸರಿಯಿದ್ದರೆ ಕೊಳ್ಳಿ. ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮುಗಳಾಗಿದ್ದರೆ ಮೊದಲು ಅವನ್ನು ತೆಗೆದು ಅಲ್ಯೂಮಿನಿಯಂ ರಿಮ್ ಹಾಕಿಸಿ, ಏಕೆಂದರೆ ಮಳೆಯಲ್ಲಿ ಉಕ್ಕಿನ ರಿಮ್ಮಿನ ಮೇಲೆ ಬ್ರೇಕು ಹಿಡಿಯುವುದೇ ಇಲ್ಲ, ಮಳೆ ನಿಮ್ಮೂರಿಗೆ ಹೊಸದಲ್ಲ. ಆ ಕಾಲದ ಬ್ರಿಟಿಷ್ ಸೈಕಲ್ಲುಗಳಲ್ಲಿ ಹೆಚ್ಚಾಗಿ 27 ಇಂಚಿನ ಚಕ್ರವಿರುತ್ತದೆ. ಅದರ ಟಯರು ಕೂರುವ ವ್ಯಾಸ 630 ಮಿಲಿಮೀಟರ್, ಇಂದಿನ 700ಸಿ ಚಕ್ರದ್ದು 622. ಚಕ್ರ ಬದಲಿಸಿದರೆ ಬ್ರೇಕಿನ ರಬ್ಬರನ್ನು ನಾಲ್ಕು ಮಿಲಿಮೀಟರ್ ಕೆಳಗಿಳಿಸಬೇಕಾಗುತ್ತದೆ, ಅಷ್ಟು ಜಾಗ ಇದೆಯೇ ಎಂದು ಮೊದಲೇ ಅಳೆಯಿರಿ. ಆ ನಡು ಅಚ್ಚನ್ನು ಗೂಡಿನಿಂದ ಬಿಚ್ಚುವಾಗ ಬ್ರಿಟಿಷ್ ಫ್ರೇಮುಗಳ ಚೈನಿನ ಬದಿಯ ತಿರುಪು ಎಡಗೈ ತಿರುಪು ಎಂಬುದನ್ನು ಮರೆಯದಿರಿ. ಅದು ಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಡಿಲವಾಗುತ್ತದೆ. ಇಟಾಲಿಯನ್ ಫ್ರೇಮುಗಳಲ್ಲಿ ಎರಡೂ ಬದಿ ಬಲಗೈ ತಿರುಪು.

ಪ್ರಶ್ನೆ: ಬೆಂಗಳೂರಿನವಳು. ವಿದೇಶದಿಂದ ಮರಳಿದ ಸ್ನೇಹಿತರೊಬ್ಬರಿಂದ 1970ರ ದಶಕದ ಇಟಾಲಿಯನ್ ಸೈಕಲ್ ಕೊಂಡಿದ್ದೇನೆ. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ. ಹೊಸ ಬಣ್ಣ ಹೊಡೆಸಿ, ಹೊಸ ಗೇರು ಹಾಕಿಸಬೇಕೆಂದಿದ್ದೇನೆ. ನಿಮ್ಮ ಸಲಹೆ ಏನು?

ಉತ್ತರ: ಬಣ್ಣವನ್ನು ಹಾಗೆಯೇ ಬಿಡಿ. ಚಕ್ಕೆ ಎದ್ದ ಕಡೆ ತುಕ್ಕನ್ನು ಉಜ್ಜಿ ತೆಗೆದು, ಅದೇ ಛಾಯೆಯ ಬಣ್ಣವನ್ನು ಸಣ್ಣ ಕುಂಚದಿಂದ ತುಂಬಿದರೆ ಸಾಕು. ಪೌಡರ್ ಲೇಪನವಂತೂ ಬೇಡವೇ ಬೇಡ ಎಂದು ಕೈಮುಗಿದು ಕೇಳುತ್ತೇನೆ. ಕಾರಣ ನಿಮ್ಮ ಸೈಕಲ್ಲಿನ ಕೊಳವೆಗಳು ಕೂಡುವ ಜಾಗದಲ್ಲೇ ಇದೆ. ಅಲ್ಲಿ ಕೊಳವೆಗಳನ್ನು ಅಪ್ಪಿಕೊಂಡಿರುವ ತೋಳುಗಳಿಗೆ ಲಗ್ಗು ಎನ್ನುತ್ತಾರೆ. ಕಾರಿಗರನು ಅವುಗಳ ಅಂಚನ್ನು ಅರದಿಂದ ಉಜ್ಜಿ ತೆಳುಮಾಡಿ, ತುದಿಯನ್ನು ಎಲೆಯಂತೆ ಚೂಪಾಗಿಸಿ, ಕರಗಿದ ಹಿತ್ತಾಳೆ ಲಗ್ಗಿಗೂ ಕೊಳವೆಗೂ ನಡುವಿನ ಕೂದಲೆಳೆಯ ಸಂದಿಗೆ ತಾನಾಗಿ ಹರಿದು ಸುತ್ತಲೂ ತುಂಬುವಂತೆ ಬಿಸಿಯನ್ನು ಹದಮಾಡುತ್ತಿದ್ದ. ಬಿಸಿ ಕಡಿಮೆಯಾದರೆ ಹಿತ್ತಾಳೆ ಓಡುವುದಿಲ್ಲ. ಹೆಚ್ಚಾದರೆ ಉಕ್ಕು ಕೆಡುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿ ಆ ಅಂಚುಗಳನ್ನು ಒಂದೊಂದಾಗಿ ನೋಡಿ, ಲಗ್ಗಿನ ಎಡಬದಿಯನ್ನೂ ಬಲಬದಿಯನ್ನೂ ಹೋಲಿಸಿ. ದಪ್ಪ ಲೇಪನದ ಕೆಳಗೆ ಮುಚ್ಚಿಹೋಗುವುದು ಇದೇ ಕೆಲಸ.

ಗೇರಿನ ವಿಷಯಕ್ಕೆ ಬರೋಣ. ಆ ಕಾಲದ ಇಟಾಲಿಯನ್ ಸೈಕಲ್ಲಿಗೆ ವಿಚೆಂಜಾ ನಗರದ ಕಂಪಾನ್ಯೋಲೊ ಸಂಸ್ಥೆಯ ಭಾಗಗಳಿರುವ ಸಂಭವ ಹೆಚ್ಚು. ಸ್ಪ್ಯಾನರ್ ಇಲ್ಲದೆ ಒಂದು ಪುಟ್ಟ ಸನ್ನೆಕೋಲಿನಿಂದ ಚಕ್ರ ಬಿಚ್ಚುವ ವ್ಯವಸ್ಥೆಯನ್ನು ರೂಪಿಸಿದ ಟುಲ್ಲಿಯೊ ಕಂಪಾನ್ಯೋಲೊ 1933ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಹಿಂದಿನ ಗೇರು ‘ನುವೊವೊ ರೆಕಾರ್ಡ್’ ಆಗಿದ್ದರೆ ಅದರ ಮೇಲೆ ಪೇಟೆಂಟ್ ಎಂಬ ಪದದ ಜೊತೆಗೆ ಎರಡಂಕಿಯ ಇಸವಿ ಇರುತ್ತದೆ. 74 ಎಂದಿದ್ದರೆ ಆ ಭಾಗ ಹೆಚ್ಚುಕಡಿಮೆ 1974ರದ್ದು. ಫ್ರೇಮಿನ ವಯಸ್ಸನ್ನು ಊಹಿಸಲು ಅದು ನೆರವಾಗುತ್ತದೆ, ಗೇರನ್ನು ನಡುವೆ ಬದಲಿಸಿಲ್ಲದಿದ್ದರೆ.

ಇವನ್ನು ಕಿತ್ತುಹಾಕುವ ಮೊದಲು ಒಂದು ತಿಂಗಳು ಓಡಿಸಿ ನೋಡಿ. ಕೆಳಗಿನ ಕೊಳವೆಯ ಮೇಲಿರುವ, ಗೇರು ಬದಲಿಸುವ ಸನ್ನೆಕೋಲಿನಲ್ಲಿ ‘ಕ್ಲಿಕ್’ ಎಂಬ ನಿಲುಗಡೆ ಇಲ್ಲ. 1984ರಲ್ಲಿ ಜಪಾನಿನ ಶಿಮಾನೊ ಸಂಸ್ಥೆಯ ಡ್ಯುರಾ ಏಸ್ ಗೇರು ಆ ನಿಲುಗಡೆಯನ್ನು ಪ್ರಚಾರಕ್ಕೆ ತರುವವರೆಗೆ ರೇಸಿನವರೆಲ್ಲ ಚೈನಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಲೇ ಗೇರು ಬದಲಿಸುತ್ತಿದ್ದರು. ಕೈಗೆ ಅದು ಬೇಗ ಒಗ್ಗುತ್ತದೆ. ಮೂಲ ಭಾಗಗಳನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು: ಇಟಲಿಯ ಟಸ್ಕನಿ ಪ್ರಾಂತ್ಯದ ಗಾಯೊಲೆ ಊರಿನಲ್ಲಿ 1997ರಿಂದ ನಡೆಯುತ್ತಿರುವ ‘ಲೆರೊಯಿಕಾ’ ಸವಾರಿಯಲ್ಲಿ, ಇಂಥ ಸನ್ನೆಕೋಲು, ಹ್ಯಾಂಡಲ್ಲಿನ ಮೇಲೆ ಹಾಯುವ ಬ್ರೇಕು ತಂತಿ, ಪಾದವನ್ನು ಪಟ್ಟಿಯಿಂದ ಬಿಗಿಯುವ ಪೆಡಲು ಇರುವ ಹಳೆಯ ಸೈಕಲ್ಲುಗಳಿಗೆ ಮಾತ್ರ ಮಣ್ಣಿನ ದಾರಿಯಲ್ಲಿ ಪ್ರವೇಶ. ಎಂದಾದರೂ ಹೋಗುವ ಆಸೆ ನಿಮಗಾಗಬಹುದು.

ಒಂದನ್ನು ಮಾತ್ರ ಹಳೆಯದೆಂಬ ಪ್ರೀತಿಯಿಂದ ಉಳಿಸಿಕೊಳ್ಳಬೇಡಿ, ಅದು ಅಲ್ಯೂಮಿನಿಯಂ ಹ್ಯಾಂಡಲ್. ಉಕ್ಕು ಮುರಿಯುವ ಮುನ್ನ ಸಾಮಾನ್ಯವಾಗಿ ಬಾಗಿ ಸೂಚನೆ ಕೊಡುತ್ತದೆ, ದಣಿದ ಅಲ್ಯೂಮಿನಿಯಂ ಸೂಚನೆ ಕೊಡದೆ ಮುರಿಯಬಹುದು. ಪೆಡಲಿನ ಕ್ರ್ಯಾಂಕು ಹಲ್ಲುಚಕ್ರದ ತೋಳಿಗೆ ಸೇರುವ ಮೂಲೆಯನ್ನೂ ಒರೆಸಿ, ಕೂದಲಿನಂಥ ಬಿರುಕಿದೆಯೇ ಎಂದು ಭೂತಕನ್ನಡಿಯಲ್ಲಿ ನೋಡಿ.

ಪ್ರಶ್ನೆ: ಧಾರವಾಡದಲ್ಲಿ ನಮ್ಮ ಅಜ್ಜನ ಕಪ್ಪು ಹರ್ಕ್ಯುಲಿಸ್ ಸೈಕಲ್ ಇದೆ. ಅದೂ ಉಕ್ಕಿನದೇ. ಅದನ್ನು ಹಗುರ ಮಾಡಿ ರೇಸಿಂಗ್ ಸೈಕಲ್ ಮಾಡಿಸಬಹುದೇ?

ಉತ್ತರ: ದಯವಿಟ್ಟು ಮಾಡಿಸಬೇಡಿ. ಬ್ರಿಟನ್ನಿನ ಹರ್ಕ್ಯುಲಿಸ್ ಹೆಸರನ್ನು ಸ್ವಾತಂತ್ರ್ಯದ ನಂತರ ಮದರಾಸಿನ ಟಿ.ಐ. ಸೈಕಲ್ಸ್ ಭಾರತದಲ್ಲೇ ತಯಾರಿಸಿತು. ರ‍್ಯಾಲಿ ಸೈಕಲ್ಲುಗಳು ಅಸನ್ಸೋಲಿನ ಸೆನ್-ರ‍್ಯಾಲಿ ಕಾರ್ಖಾನೆಯಿಂದ ಬರುತ್ತಿದ್ದವು. ಇವುಗಳ ಕೊಳವೆ ಉದ್ದಕ್ಕೂ ಒಂದೇ ದಪ್ಪದ್ದು, ಮುಂಗೊಳವೆ ಹೆಚ್ಚು ಓರೆ, ಚಕ್ರ 28 ಇಂಚಿನದು, ಬ್ರೇಕಿಗೆ ತಂತಿಯ ಬದಲು ಸಲಾಕೆ. ಕ್ಯಾರಿಯರಿನಲ್ಲಿ ಮೂಟೆ, ಮುಂದಿನ ದಂಡದ ಮೇಲೆ ಮಗು, ಕೆಳಗೆ ಹಳ್ಳದಿಣ್ಣೆಯ ದಾರಿ, ಇಷ್ಟನ್ನೂ ಎಣಿಸಿ ಕಟ್ಟಿದ ಸೈಕಲ್ಲದು. ಗ್ರೀಸನ್ನು ಬದಲಿಸಿ, ಬ್ರೇಕಿನ ಸಲಾಕೆಯ ಕೀಲುಗಳಿಗೆ ಎಣ್ಣೆ ಬಿಟ್ಟು, ಎರಡು ಹೊಸ ಟಯರು ಹಾಕಿಸಿದರೆ ಅಜ್ಜನ ಸೈಕಲ್ಲು ಈ ವಾರವೇ ರಸ್ತೆಗಿಳಿದೀತು.