ಕಾಡುಕೋಣದ ಮೈ ಬರೀ ಕಪ್ಪಲ್ಲ

ಶಿವಮೊಗ್ಗದ ಶೆಟ್ಟಿಹಳ್ಳಿ ಕಾಡಂಚಿನಲ್ಲಿ ಕಂಡ ಕಾಡುಕೋಣವನ್ನು ಜಲವರ್ಣದಲ್ಲಿ ಬರೆದರೆ ಕಪ್ಪು ಮುದ್ದೆಯಾಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇದೇ ಪಾಡು ಪಟ್ಟವನೇ.

ಮೊದಲು ಆ ಕಪ್ಪು ಟ್ಯೂಬ್ ಎತ್ತಿಡಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಬೆರೆಸಿ. ನೀಲಿ ಜಾಸ್ತಿಯಾದರೆ ತಣ್ಣನೆಯ ಕಪ್ಪು, ಕಂದು ಜಾಸ್ತಿಯಾದರೆ ಬೆಚ್ಚನೆಯ ಕಪ್ಪು. ಆಕಾಶದ ಬೆಳಕು ಬೀಳುವ ಬೆನ್ನಿಗೆ ಮೊದಲನೆಯದು, ಹೊಟ್ಟೆಯ ಕೆಳಗೆ ಎರಡನೆಯದು. ಅದರ ರೋಮ ಗಿಡ್ಡ, ನುಣುಪು. ಸುಮ್ನೆ ಒಂದೊಂದೇ ಕೂದಲು ಬಿಡಿಸುತ್ತಾ ಕೂರಬೇಡಿ, ಹೆಗಲಿನ ಉಬ್ಬು ಸರಿಯಾಗಿ ಬಂದರೆ ಸಾಕು. ಮಂಡಿಯ ಕೆಳಗಿನ ಬಿಳಿ, ಕೊಂಬುಗಳ ನಡುವಿನ ಮಾಸಲು ಹಣೆ, ಇವಕ್ಕೆ ಕಾಗದವನ್ನು ಮೊದಲೇ ಖಾಲಿ ಬಿಡಿ. ಆಮೇಲೆ ಬಿಳಿ ಬಣ್ಣ ಹಚ್ಚಿದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಅನುಭವದ ಮಾತು!

ಮೊಬೈಲ್ ಫೋಟೋ ಒಂದನ್ನೇ ನಂಬಬೇಡಿ, ನೆರಳನ್ನೆಲ್ಲ ಅದು ನುಂಗಿಬಿಡುತ್ತದೆ. ಬೆಳಿಗ್ಗೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ, ತುಂಗೆಯ ಹಿನ್ನೀರಿನಲ್ಲಿ ಆನೆಗಳು ಸ್ನಾನ ಮಾಡುವಾಗ ಪೆನ್ಸಿಲ್‌ನಲ್ಲಿ ಗೀಚಿ. ಒದ್ದೆ ಮೈಮೇಲೆ ಬೆಳಕು ಹೇಗೆ ಜಾರುತ್ತದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಒಂದು ಪದರ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಈಗ ಮಳೆ ಬೇರೆ, ಹೇರ್ ಡ್ರೈಯರ್ ಇಟ್ಟುಕೊಳ್ಳಿ. ಜುಲೈನಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗಲ್ಲ, ಇನ್ನು 300 ಜಿಎಸ್‌ಎಂನ ದಪ್ಪ ಕಾಗದ ಒಣಗುತ್ತದಾ?