ಕಾಲುನೋವಿನ ಒಪೆರಾ ಮತ್ತು ಕಾಟಕಾಯಿ

ಮಂಗಳೂರಿನ ಬಿಜೈಯ ಓದುಗರಿಗೆ,

ಪರದೇಶದ ಮ್ಯೂಸಿಯಂ ಒಂದರೊಳಗೆ ಆ ದೇಶದ ಚರಿತ್ರೆಯನ್ನೇ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ಮಾಡಿ ಆಡಿದ್ದನ್ನು ಮಗಳ ಜತೆ ನೋಡಿ ಬಂದಿದ್ದೀರಿ. ಕುರ್ಚಿಯಿಲ್ಲ, ಪರದೆಯಿಲ್ಲ, ಹಾಡುವವರ ಬೆನ್ನು ಹಿಡಿದು ಕೋಣೆಯಿಂದ ಕೋಣೆಗೆ ನಡಿಗೆ. "ಕಾಲು ನೋವು ಬಂದದ್ದೇ ಲಾಭ. ಇಂಥ ಶೋಕಿ ನಮ್ಮೂರಿಗೂ ಬಂದೀತೇ? ಯಕ್ಷಗಾನ ಇರುವಾಗ ನಮಗೆ ಅದೇಕೆ?" ಎಂದು ಕೇಳಿದ್ದೀರಿ.

ಕಾಲುನೋವಿಗೆ ನನ್ನಲ್ಲಿ ಮದ್ದಿಲ್ಲ. ಶೋಕಿ ಎಂದದ್ದನ್ನು ಮಾತ್ರ ಒಪ್ಪಲಾರೆ. ಸಂಗೀತಗಾರ ಮೊಂಟೆವರ್ಡಿಯ ಒಪೆರಾ 'ಓರ್ಫೆಯೊ' 1607ರಲ್ಲಿ ಮೊದಲು ಕೇಳಿಸಿದ್ದು ಇಟಲಿಯ ಮಾಂಟುವಾ ಅರಮನೆಯ ಒಂದು ಕೋಣೆಯಲ್ಲಿ. ಟಿಕೆಟು ಕೊಂಡು ಹೋಗುವ ಒಪೆರಾ ಥಿಯೇಟರು ವೆನಿಸ್ಸಿನಲ್ಲಿ ಶುರುವಾದದ್ದು 1637ರಲ್ಲಿ. ಇನ್ನು ನಿಂತು, ಸರಿದು ನೋಡುವುದನ್ನು ತುಳುನಾಡಿನವರಿಗೆ ಯಾರೂ ಕಲಿಸಬೇಕಿಲ್ಲ. ಕೋಲದಲ್ಲಿ ದೈವ ಅತ್ತ ನಡೆದರೆ ಜನವೂ ಅತ್ತ.

ಎರಡನೆಯ ಪ್ರಶ್ನೆ ತೂಕದ್ದು. ಯಕ್ಷಗಾನದಲ್ಲಿ ಹಾಡುವ ಭಾಗವತರ ಪದ ಮುಗಿದ ಮೇಲೆ ವೇಷಧಾರಿಯ ಅರ್ಥ, ಅಂದರೆ ಮಾತುಗಾರಿಕೆ, ಅದಕ್ಕೆ ಇದಿರು ವೇಷದ ಉತ್ತರ. ಒಬ್ಬರಾದ ಮೇಲೊಬ್ಬರು. ಒಪೆರಾದಲ್ಲಾದರೆ ಮೂವರು ಮೂರು ಬೇರೆ ಮಾತನ್ನು ಒಟ್ಟಿಗೇ ಹಾಡಬಹುದು. ಮಾತಿಗೆ ಮಾತು ಕೂಡಿದರೆ ಗದ್ದಲ. ಸ್ವರಕ್ಕೆ ಸ್ವರ ಕೂಡಿದರೆ ಹಾಗಾಗುವುದಿಲ್ಲ.

ಇದು ಎಲ್ಲಿ ಬೇಕಾಗುತ್ತದೆ ಎನ್ನುತ್ತೀರಾ? 1837ರ ಏಪ್ರಿಲ್ ನೆನೆಯಿರಿ. ಕೊಡಗನ್ನು ನುಂಗಿದ ಕಂಪೆನಿ, ಬೆಳೆಯಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿತು. ಸುಳ್ಯ, ಪುತ್ತೂರಿನ ರೈತರು ಎದ್ದು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಕಂಪೆನಿಯ ಕಡತಕ್ಕೆ ಅದು ದಂಗೆ. ನಮ್ಮ ಭಾಷಣಗಳಿಗೆ ಸ್ವಾತಂತ್ರ್ಯ ಸಮರ. ಹಳಬರ ಬಾಯಲ್ಲಿ, ಮುಂದಾಳಿನ ಹೆಸರು ಹಿಡಿದು, 'ಕಲ್ಯಾಣಪ್ಪನ ಕಾಟಕಾಯಿ' — ಆ ಹೆಸರಿನಲ್ಲಿ ಲೂಟಿಯ ಹೆದರಿಕೆಯ ವಾಸನೆಯೂ ಇದೆ, ನಾವು ಈಗ ಅದನ್ನು ಮೂಸುವುದಿಲ್ಲ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯ ಪಕ್ಕ ಅಂಟಿಸುವ ಚೀಟಿಯಲ್ಲಿ ಒಂದೇ ಹೆಸರಿಗೆ ಜಾಗ. ಕಲೆಕ್ಟರ, ರೈತ, ಬಾಗಿಲು ಜಡಿದು ಒಳಗೆ ಕೂತ ಅಂಗಡಿಯವನ ಹೆಂಡತಿ, ಈ ಮೂವರೂ ಅದೇ ಪೆಟ್ಟಿಗೆಯ ಸುತ್ತ ನಿಂತು ಒಮ್ಮೆಲೇ ಹಾಡಿದರೆ ನಾನಂತೂ ಹೋಗಿ ಕೇಳುತ್ತೇನೆ.

ಜಾಗ ನಿಮ್ಮ ಬಿಜೈಯಲ್ಲೇ ಇದೆ: 1960ರಿಂದ ಜನರಿಗೆ ತೆರೆದಿರುವ ಶ್ರೀಮಂತಿ ಬಾಯಿ ಮ್ಯೂಸಿಯಂ. ಹಡಗಿನಾಕಾರದ ಆ ಕಟ್ಟಡ ಅರ್ಧ ರಂಗಸಜ್ಜಿಕೆಯ ಖರ್ಚು ಉಳಿಸೀತು. ಚೆಂಡೆ ಬೇಡ, ಗಾಜುಗಳೂ ತಾಳ ಹಾಕಿಯಾವು, ಮದ್ದಳೆ ಸಾಕು. ಆಟ ಪತ್ತನಾಜೆಯ (ಮಳೆಗಾಲಕ್ಕೆ ಮೊದಲು ತುಳುನಾಡಿನ ಆಟ, ಕೋಲಗಳು ನಿಲ್ಲುವ ದಿನ) ಒಳಗೇ ಮುಗಿಯಲಿ, ಒದ್ದೆ ಕೊಡೆಗಳ ಜತೆ ಹಳೆಯ ವಸ್ತುಗಳ ನಡುವೆ ಓಡಾಡುವುದು ತರವಲ್ಲ.

ಕೋಣೆಗೆ ಎರಡೆರಡು ಬೆಂಚು ಹಾಕಿ ಎಂದು ನಿಮ್ಮ ಪರವಾಗಿ ನಾನೇ ಹೇಳುತ್ತೇನೆ.

— ಸಂ.